ಎಲ್ಲರಿಗಿಂತ ಬಿಳಿಚಿದವಳು

"ಅಲ್ಲಾಡ್ಬೇಡ ಮ್ಯಾಕ್ಸೀನ್, ಹಾಗೇ ಇರು. ಹಲ್ಲು ಸ್ವಲ್ಪ ತೋರ್ಸು," ಎಂದು ಡಂಕನ್ ಕ್ಯಾಮೆರಾದ ಹಿಂದಿನಿಂದ ಹೇಳಿದ. ಮ್ಯಾಕ್ಸೀನ್ ತುಟಿ ತೆರೆದಳು. ಒಸಡಿನಿಂದ ಜಿನುಗಿದ ರಕ್ತ ಕೆಳತುಟಿ ದಾಟಿ ಗದ್ದಕ್ಕೆ ಇಳಿಯಿತು. ಕೆಂಪು ಬಣ್ಣದ ಖರ್ಚು ಉಳಿಯಿತೆಂದು ಡಂಕನ್ ಒಂದರ ಮೇಲೊಂದು ಚಿತ್ರ ತೆಗೆದ.

ಅದು ಲೀಡ್ಸ್ ನಗರ, ಎಂಬತ್ತನಾಲ್ಕನೆಯ ಇಸವಿಯ ಒಂದು ಶನಿವಾರ ಮಧ್ಯಾಹ್ನ. ಡಂಕನ್, ಮ್ಯಾಕ್ಸೀನ್, ಗ್ಲಿನಿಸ್ ಮೂವರೂ ಸೇರಿ ಬರೆದು, ಅಂಟಿಸಿ, ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದ ರಕ್ತಪಿಶಾಚಿಗಳ ಪತ್ರಿಕೆಗೆ ಮುಖಪುಟ ಬೇಕಾಗಿತ್ತು. ಊರಿನ ಗಿರಣಿಗಳು ಬಾಗಿಲು ಹಾಕಿಕೊಂಡಿದ್ದವು. ಇಪ್ಪತ್ತು ತುಂಬಿದರೂ ಮೂವರಲ್ಲಿ ಯಾರೂ ಒಂದು ದಿನದ ಕೆಲಸ ಕಂಡವರಲ್ಲ. ಮುಪ್ಪಿಲ್ಲ, ಸಾವಿಲ್ಲ, ಬೆಳಿಗ್ಗೆ ಎದ್ದು ಉದ್ಯೋಗ ಕಚೇರಿಯ ಮುಂದೆ ಸಾಲು ನಿಲ್ಲಬೇಕಾಗಿಲ್ಲ; ರಕ್ತಪಿಶಾಚಿಯ ಬಾಳಿಗಿಂತ ಒಳ್ಳೆಯ ಬಾಳನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಹಾಗಾಗಿ ಮೈಗೆ ಕಪ್ಪು ಬಟ್ಟೆ, ಮುಖಕ್ಕೆ ಮಕ್ಕಳ ಪೌಡರು. ಗುಂಪಿನಲ್ಲಿ ಯಾರ ಮುಖ ಹೆಚ್ಚು ಬಿಳಿಚಿದೆಯೋ ಅವರಿಗೇ ಮರ್ಯಾದೆ. ಬಿಸಿಲಿಗೆ ಹೋಗಿ ಕೆನ್ನೆ ಕೆಂಪು ಮಾಡಿಕೊಂಡು ಬಂದವರನ್ನು ವಾರಗಟ್ಟಲೆ ಆಡಿಕೊಳ್ಳುತ್ತಿದ್ದರು.

ಒಂದು ತಿಂಗಳಿಂದ ಆ ಮರ್ಯಾದೆಯೆಲ್ಲ ಮ್ಯಾಕ್ಸೀನಳ ಪಾಲಾಗಿತ್ತು. ಶಾಲೆಯ ದಿನಗಳಿಂದ ಜೊತೆಗಿದ್ದ ಗ್ಲಿನಿಸ್‌ಗೆ ಇದನ್ನು ಸಹಿಸಲಾಗುತ್ತಿರಲಿಲ್ಲ.

"ಯಾವ ಪೌಡರೇ ಅದು? ನನ್ ಹತ್ರಾನೂ ಮುಚ್ಚಿಡ್ತೀಯಲ್ಲ."

"ಏನೂ ಹಚ್ಚಿಲ್ಲ ಕಣೇ. ತಲೆ ಬಾಚೋಕೇ ಕೈ ಎತ್ತಕ್ಕಾಗ್ತಿಲ್ಲ, ಇನ್ನು ಪೌಡರ್ ಎಲ್ಲಿಂದ ಬಂತು?"

"ಆಯ್ತು ಬಿಡಮ್ಮ, ನೀನು ಹುಟ್ಟಾ ಪಿಶಾಚಿ. ನಾವೆಲ್ಲ ವೇಷದೋರು."

"ತಮಾಷೆ ಅಲ್ಲ ಗ್ಲಿನಿಸ್. ತೋಳೆಲ್ಲ ನೀಲಿಗಟ್ಟಿದೆ. ನಾನು ಎಲ್ಲೂ ಬಿದ್ದಿಲ್ಲ."

"ನೀಲಿನಾ? ತೋಳು ಮಡಚು, ನೋಡೋಣ," ಎಂದ ಡಂಕನ್. "ಒಳಗಿನ ಪುಟಕ್ಕೆ ಆಗತ್ತೆ."

ಮ್ಯಾಕ್ಸೀನ್ ತೋಳು ಮಡಚಲಿಲ್ಲ. "ನಂಗ್ಯಾಕೋ ಭಯ ಆಗ್ತಿದೆ ಕಣೇ. ಆಸ್ಪತ್ರೆಗೆ ಹೋಗ್ಬರೋಣ್ವಾ?" ಎಂದು ಗೆಳತಿಯ ಕೈ ಹಿಡಿದಳು. ಮ್ಯಾಕ್ಸೀನಳ ಕೈ ತಣ್ಣಗಿತ್ತು. ಗ್ಲಿನಿಸ್ ಅದನ್ನು ಬಿಡಿಸಿಕೊಂಡು, "ಹೋಗೋಣಂತೆ, ಈ ರೀಲೊಂದು ಮುಗೀಲಿ," ಎಂದಳು. ತಾನೂ ಒಂದು ಚಿತ್ರದಲ್ಲಾದರೂ ಬರಬೇಕೆಂಬ ಆಸೆ ಅವಳಿಗೆ.

ರೀಲು ಮುಗಿಯುವ ಮೊದಲೇ ಮ್ಯಾಕ್ಸೀನ್ ಹಿಂದಿನ ಕಪ್ಪು ಪರದೆಯನ್ನು ಎಳೆದುಕೊಂಡು ಕುಸಿದಳು. ನಟನೆಯೆಂದುಕೊಂಡು ಡಂಕನ್ ಅದನ್ನೂ ತೆಗೆದ. ಪರದೆ ಬಿದ್ದ ಕಿಟಕಿಯಿಂದ ಬೆಳಕು ಒಳಗೆ ನುಗ್ಗಿತು. ಆ ಬೆಳಕಿನಲ್ಲಿ ಅವಳ ಮುಖ ನೋಡಿದ ಮೇಲೇ ಇಬ್ಬರೂ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಮೂರೂ ಬಿಳಿ ಮುಖಗಳನ್ನು ನೋಡಿ, "ನಿಮ್ಮಲ್ಲಿ ಕಾಯಿಲೆ ಯಾರಿಗೆ?" ಎಂದು ಕೇಳಿದಳು.

ಸಂಜೆಯ ಹೊತ್ತಿಗೆ ರಕ್ತದ ವರದಿ ಬಂತು. ರಕ್ತದ ಕ್ಯಾನ್ಸರು, ಕೈಮೀರಿತ್ತು. ಡಾಕ್ಟರು ವರ್ಷಗಳ ಮಾತೆತ್ತಲಿಲ್ಲ, ವಾರಗಳ ಮಾತಾಡಿದರು. ಸುದ್ದಿ ತಿಳಿದು ಓಡಿಬಂದಿದ್ದ ಮ್ಯಾಕ್ಸೀನಳ ತಾಯಿ ಡಾಕ್ಟರ ಕೋಣೆಯಿಂದ ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. ಅವರ ಪಕ್ಕ ಕೂರುವ ಧೈರ್ಯ ಬರದೆ ಗ್ಲಿನಿಸ್ ಗೋಡೆಗೆ ಒರಗಿ ನಿಂತಳು.

"ನಾನು ಪೌಡರ್ ಅಂದ್ಕೊಂಡಿದ್ದೆ," ಎಂದರು ತಾಯಿ. "ದಿನಾ ಬೈತಿದ್ದೆ, ಆ ದರಿದ್ರ ಮುಖ ತೊಳ್ಕೊಂಡ್ ಬಾ ಅಂತ. ತೊಳ್ಕೊಂಡೇ ಬರ್ತಿತ್ತೇನೋ, ಪಾಪ." ಆಮೇಲೆ ತಲೆಯೆತ್ತಿ ಗ್ಲಿನಿಸ್ ಕಡೆ ನೋಡಿದರು. "ನೀವು ಮೂರು ಹೊತ್ತೂ ಜೊತೇಲೇ ಇದ್ರಲ್ಲ. ನಿಮಗೂ ಕಾಣಿಸ್ಲಿಲ್ವಾ?"

"ಕಾಣಿಸ್ತು ಆಂಟಿ," ಎಂದಳು ಗ್ಲಿನಿಸ್. "ಎಲ್ಲರೂ ಹೊಟ್ಟೆ ಉರ್ಕೊಂಡ್ವಿ."