ಅಮ್ಮನ ಪಾತ್ರೆಯ ಮುಚ್ಚಳ

"ಇದು ಕುದಿಯೋ ಲಕ್ಷಣ ಕಾಣ್ತಿಲ್ಲ, ಒಡೆಟ್ ಅವರೇ," ಎಂದರು ರಬ್ಬಿ ನೆಫ್, ಹಬೆ ಹಿಡಿದ ಕನ್ನಡಕವನ್ನು ಒರೆಸಿಕೊಳ್ಳುತ್ತಾ. "ಈ ಗಾಳಿಗೆ, ಮುಚ್ಚಳ ಇಲ್ಲದೆ, ಇಷ್ಟು ದೊಡ್ಡ ಪಾತ್ರೆ ಕುದಿ ಬರೋ ಹೊತ್ತಿಗೆ ಹಬ್ಬವೇ ಮುಗಿದಿರುತ್ತೆ."

ಯೆಹೂದ್ಯರ ಪಾಸ್ಕ ಹಬ್ಬ ಹತ್ತಿರ ಬಂದಿತ್ತು. ಆ ಹಬ್ಬಕ್ಕೆ ನಿಷಿದ್ಧವಾದ ಹುಳಿಹಿಟ್ಟಿನ ಅಡುಗೆಯನ್ನು ವರ್ಷವಿಡೀ ಕಂಡ ಪಾತ್ರೆಗಳನ್ನು ಕುದಿನೀರಿನಲ್ಲಿ ಅದ್ದಿ ಶುದ್ಧ ಮಾಡಿಸಿಕೊಳ್ಳಲು ಕೋಲ್ಮಾರ್ ಊರಿನ ಪ್ರಾರ್ಥನಾ ಮಂದಿರದ, ಸಿನಗಾಗ್‌ನ, ಅಂಗಳದಲ್ಲಿ ಜನ ಸಾಲು ನಿಂತಿದ್ದರು. ಉಳಿದವರ ಚಮಚ, ಸೌಟು, ಬಾಣಲೆಗಳು ಕೊಪ್ಪರಿಗೆಯಲ್ಲಿ ಮುಳುಗೆದ್ದು ಬರುತ್ತಿದ್ದವು. ಒಡೆಟ್ ತಂದದ್ದು ಮಾತ್ರ ಕೊಪ್ಪರಿಗೆಯೊಳಗೆ ಹಿಡಿಸುವಂಥದ್ದಲ್ಲ. ಅದಕ್ಕೆ ಬೇರೆ ವಿಧಿ. ಆ ಪಾತ್ರೆಯಲ್ಲೇ ಕಂಠಮಟ್ಟ ನೀರು ತುಂಬಿ ಕುದಿಸಬೇಕು. ಕುದಿ ಬಂದಾಗ ಕೆಂಪಗೆ ಕಾದ ಕಲ್ಲೊಂದನ್ನು ಒಳಗೆ ಹಾಕಿ, ನೀರು ಅಂಚು ದಾಟಿ ಸುತ್ತಲೂ ಉಕ್ಕಿ ಹರಿಯುವಂತೆ ಮಾಡಬೇಕು.

ಸಾಲಿನಲ್ಲಿ ತುಸು ಹಿಂದೆ ಒಡೆಟ್‌ಳ ತಂಗಿ ಇರ್ಮಾ ನಿಂತಿದ್ದಳು. ಆ ಪಾತ್ರೆಯ ಮುಚ್ಚಳ ಅವಳ ಚೀಲದಲ್ಲೇ ಇತ್ತು. ಅಮ್ಮ ತೀರಿಕೊಂಡು ಸೂತಕ ಕಳೆದ ದಿನ, "ಹಿರಿಮಗಳು ನಾನು" ಎಂದು ಒಡೆಟ್ ಪಾತ್ರೆಯನ್ನು ಎತ್ತಿಕೊಂಡಿದ್ದಳು. "ಹಾಗಾದರೆ ಇದು ನನಗೆ" ಎಂದು ಇರ್ಮಾ ಮುಚ್ಚಳ ಕಿತ್ತುಕೊಂಡಿದ್ದಳು. ಅಲ್ಲಿಂದ ಮೂರು ವರ್ಷ, ಒಂದೇ ಊರಿನಲ್ಲಿದ್ದೂ ಮಾತಿಲ್ಲ. ಮೀನಿನ ಅಂಗಡಿಯಲ್ಲಿ ಎದುರಾದರೆ ಇಬ್ಬರೂ ಮೀನನ್ನೇ ದಿಟ್ಟಿಸುತ್ತಿದ್ದರು.

ಯಾರೋ ತಮ್ಮ ತಟ್ಟೆ ಕೊಟ್ಟು "ಮುಚ್ಚಿ ನೋಡಿ" ಎಂದರು. ಅದು ಒಂದು ಕ್ಷಣ ತೇಲಿ, ವಾಲಿ, ಪಾತ್ರೆಯ ತಳ ಸೇರಿತು. ಸಾಲಿನಲ್ಲಿ ನಗು ಎದ್ದಿತು. ಒಡೆಟ್ ನಗಲಿಲ್ಲ.

"ಸಿಲಿಂಡರ್ ಖಾಲಿಯಾಗ್ತಾ ಬಂತು," ಎಂದರು ರಬ್ಬಿ. "ಇನ್ನೂ ಎಷ್ಟೋ ಜನ ಕಾದಿದ್ದಾರೆ. ಈ ವರ್ಷಕ್ಕೆ ಇದನ್ನ ಕೆಳಗಿಳಿಸೋಣ."

"ಮೂರು ವರ್ಷದಿಂದ ಇದು ಒಲೆ ಕಂಡಿಲ್ಲ, ರಬ್ಬಿಗಳೇ."

"ಮೂರು ವರ್ಷವೇ? ಶುದ್ಧ ಮಾಡೋಕೆ ಮುಂಚೆ ಪಾತ್ರೆ ಒಂದು ದಿನ ಸುಮ್ಮನಿದ್ರೆ ಸಾಕು ಅನ್ನುತ್ತೆ ಶಾಸ್ತ್ರ."

ಪಾತ್ರೆಯ ಹಿಡಿಯ ಮೇಲಿದ್ದ ಒಡೆಟ್‌ಳ ಬೆರಳುಗಳು ಅಮ್ಮನ ಬೆರಳುಗಳ ಹಾಗೆಯೇ ಗಂಟುಗಂಟಾಗಿ ಸೊಟ್ಟಗಾಗಿದ್ದವು. ಯಾವಾಗ ಹೀಗಾದವು? ಇರ್ಮಾಳಿಗೆ ಗೊತ್ತೇ ಇರಲಿಲ್ಲ.

"ಮುಚ್ಚಳ ಇದೆ," ಎಂದಳು ಒಡೆಟ್ ಕೊನೆಗೆ, ರಬ್ಬಿಯ ಮುಖ ನೋಡುತ್ತಾ. "ಊರಲ್ಲೇ ಇದೆ. ನಾನು ಕೇಳೋ ಹಾಗಿಲ್ಲ, ಅಷ್ಟೆ."

"ಕೇಳಿದ್ರೆ ಕೊಡೋರಿದ್ದಾರೆ ಅಂತ ಹೇಳಿ, ರಬ್ಬಿಗಳೇ," ಎಂದಳು ಇರ್ಮಾ ಹಿಂದಿನಿಂದ.

"ಮೂರು ವರ್ಷದಲ್ಲಿ ಕೊಡೋರು ಒಂದು ಸಲನಾದ್ರೂ ನಮ್ಮನೆ ಬಾಗಿಲು ತಟ್ಟಬಹುದಿತ್ತು ಅಂತ ಹೇಳಿ."

"ಬಾಗಿಲ ಹತ್ರ ಬಂದು ವಾಪಸ್ ಹೋದೋರಿಗೆ ಏನನ್ನಬೇಕು ಅಂತ ಕೇಳಿ!"

"ನನ್ನ ಕೈಲಿ ಕಾದ ಕಲ್ಲಿದೆ, ತಾಯಂದಿರಾ!" ರಬ್ಬಿ ಇಕ್ಕಳವನ್ನು ಎತ್ತಿ ತೋರಿಸಿದರು. "ನೀವೇ ಮಾತಾಡ್ಕೊಳ್ಳಿ!"

ಒಡೆಟ್ ತಿರುಗಿದಳು. "ಬಂದಿದ್ಯಾ? ಯಾವತ್ತು?" ಎಂದವಳು, ಉತ್ತರಕ್ಕೂ ಕಾಯದೆ, "ಇರ್ಮಾ, ಮುಚ್ಚಳ ಕೊಡೇ" ಎಂದಳು.

ಈ ಗಳಿಗೆಗೆಂದು ಇರ್ಮಾ ಎಷ್ಟೆಲ್ಲ ಮಾತು ಕೂಡಿಟ್ಟುಕೊಂಡಿದ್ದಳು! ಪಾತ್ರೆ ತೊಳೆಯುವಾಗ, ನಿದ್ದೆ ಬಾರದಾಗ ಎಲ್ಲವನ್ನೂ ಹರಿತ ಮಾಡಿಟ್ಟುಕೊಂಡಿದ್ದಳು. ಈಗ ಒಂದೂ ನೆನಪಿಗೆ ಬರಲಿಲ್ಲ. ಚೀಲದಿಂದ ಮುಚ್ಚಳ ತೆಗೆದು, "ಅಂಚು ನಗ್ಗಿದೆಯಲ್ಲ ಅಕ್ಕ, ನೇರ ಇಟ್ರೆ ಕೂರಲ್ಲ. ನೀನು ಆ ಕಡೆ ಒತ್ತು," ಎಂದಳು. ಒಡೆಟ್ ಒತ್ತಿದಳು, ಇರ್ಮಾ ತಿರುಗಿಸಿದಳು. ಮುಚ್ಚಳ ಟಕ್ ಎಂದು ಕೂತಿತು.

ಸ್ವಲ್ಪ ಹೊತ್ತಿಗೆಲ್ಲ ಒಳಗೆ ನೀರು ಗುಡುಗಿತು. ಮುಚ್ಚಳ ತೆಗೆದು ರಬ್ಬಿ ಕಲ್ಲನ್ನು ಇಳಿಬಿಟ್ಟರು. ನೀರು ಭುಸ್ಸೆಂದು ಎದ್ದು ಅಂಚು ದಾಟಿ, ಹಳೆಯ ಜಿಡ್ಡಿನ ಸಮೇತ ಸುತ್ತಲೂ ಇಳಿಯಿತು. "ಕುದಿಯಲ್ಲಿ ಹೀರಿಕೊಂಡಿದ್ದನ್ನ ಕುದಿಯಲ್ಲೇ ಬಿಡಬೇಕು," ಎಂದರು ರಬ್ಬಿ. "ಲೋಹ ಬಿಡುತ್ತೆ. ಮಣ್ಣಿನದಾಗಿದ್ರೆ ಒಡೆದು ಹಾಕಿ ಅಂತಿದ್ದೆ." ಮುಚ್ಚಳವೂ ಕೊಪ್ಪರಿಗೆಯಲ್ಲಿ ಮುಳುಗಿ ಎದ್ದಿತು. ಎರಡಕ್ಕೂ ತಣ್ಣೀರು ಸುರಿದರು.

ಈಗ ಯಾವುದು ಯಾರಿಗೆ?

"ಹಬ್ಬದ ಮೊದಲನೇ ರಾತ್ರಿ ಊಟ ನಮ್ಮನೇಲಿ," ಎಂದಳು ಒಡೆಟ್. "ಎರಡನೇ ರಾತ್ರಿ ನಿಮ್ಮನೇಲಿ."

"ಪಾತ್ರೆನಾ?"

"ಪಾತ್ರೆ ಒಂದೇ ಬಂದು ಏನು ಮಾಡುತ್ತೆ? ನಾವೂ ಬರ್ತೀವಿ. ಈಗ ಹಿಡ್ಕೋ ಆ ಕಡೆ."

ಒಂದೊಂದು ಹಿಡಿಗೆ ಒಬ್ಬೊಬ್ಬರಾಗಿ ಅಂಗಳ ದಾಟಿದರು. ಕಾಲುವೆಯ ದಾರಿಯುದ್ದಕ್ಕೂ, ಸೂಪಿನಲ್ಲಿ ಹಾಕುವ ರೊಟ್ಟಿಪುಡಿಯ ಉಂಡೆಗೆ ಅಮ್ಮ ಶುಂಠಿ ಬೆರೆಸುತ್ತಿದ್ದಳೋ ಇಲ್ಲವೋ ಎಂದು ಜಗಳವಾಯಿತು. ಬೆರೆಸುತ್ತಿದ್ದಳು, ಆದರೆ ಒಡೆಟ್ ತಿನ್ನುವುದಿಲ್ಲವೆಂದು ಅವಳಿಗೊಬ್ಬಳಿಗೆ ಬೇರೆ ಉಂಡೆ ಕಟ್ಟುತ್ತಿದ್ದಳು ಎಂದಾಯಿತು. ಒಡೆಟ್ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಸೇತುವೆಯ ಮೇಲೆ ದಣಿವಾರಿಸಿಕೊಳ್ಳಲು ಪಾತ್ರೆ ಕೆಳಗಿಟ್ಟಾಗ ಒಡೆಟ್ ಕೇಳಿದಳು, "ಇವತ್ತು ನಾನು ಇದನ್ನ ತರ್ತೀನಿ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಮುಚ್ಚಳ ಪ್ರತಿ ವರ್ಷ ತರ್ತೀನಿ. ಶುದ್ಧ ಮಾಡಿಸ್ಕೊಂಡು ಹೋಗ್ತೀನಿ."

"ನಿಮ್ಮನೇಲಿ ಯಾವ ಪಾತ್ರೆಗೆ ಕೂರುತ್ತೆ ಅದು?"

ಇರ್ಮಾ ಕಾಲುವೆಯ ನೀರನ್ನು ನೋಡಿದಳು.

"ಯಾವುದಕ್ಕೂ ಕೂರಲ್ಲ," ಎಂದಳು.