ಗೊರಕೆ ನಿಂತ ಮೇಲೆ

ಡಬ್ಬಿಂಗ್ ಕೋಣೆಯ ಸ್ಪೀಕರಿನಲ್ಲಿ ಗೊರಕೆ ಮೊಳಗಿದ್ದೇ ತಡ, ಚಿತ್ರಗಾರ್ತಿ ಕುರ್ಚಿಯಿಂದ ಎದ್ದೇಬಿಟ್ಟಳು. ಅದು ಅವಳ ಅಪ್ಪನದು! ಮಗಳು ತನ್ನ ಜಪಾನಿ ಶೈಲಿಯ ಮಾಂಗಾ ಕಾಮಿಕ್ಸಿನಲ್ಲಿ ಅವನನ್ನು ಗೊರಕೆರಾಯನನ್ನಾಗಿ ಬರೆದು ಊರನ್ನೇ ನಗಿಸಿದಳೆಂದು ಅವಳೊಂದಿಗೆ ಮಾತು ಬಿಟ್ಟಿದ್ದ ಅಪ್ಪ. ಆ ಕಾಮಿಕ್ಸೇ ಈಗ ಟೀವಿಗೆ ಅನಿಮೆ ಕಾರ್ಟೂನ್ ಆಗುತ್ತಿತ್ತು.

"ನಮ್ಮ ಕಲಾವಿದರು ಯಾರಿಗೂ ಈ ಗೊರಕೆ ಬರ್ಲಿಲ್ಲ ಮೇಡಂ. ನಿಮ್ಮಮ್ಮ ಕಳ್ಸಿದ್ದು," ಎಂದು ನಿರ್ದೇಶಕ ಹಲ್ಲು ಕಿರಿದ.

ಮಲಗಿದವನ ದಿಂಬಿನ ಪಕ್ಕ ಮೊಬೈಲಿಟ್ಟು ಕದ್ದಿದ್ದಾಳೆ ಅಮ್ಮ! ಗೊತ್ತಾದರೆ ಅಪ್ಪ ಈ ಜನ್ಮದಲ್ಲಿ ಮುಖ ನೋಡುವುದಿಲ್ಲ. "ಅಳಿಸಿ ಅದನ್ನ, ಈಗ್ಲೇ!" ಎಂದು ಚೀರಿ ಅವಳು ಯಂತ್ರದ ಗುಂಡಿಯತ್ತ ಕೈ ಚಾಚಿದಳು.

ಬೆರಳು ತಾಕುವ ಮೊದಲೇ ಗೊರಕೆ ತಟ್ಟನೆ ನಿಂತಿತು. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ವರ್ಷಗಳಿಂದ ಅವಳ ಕಿವಿಗೆ ಬೀಳದ ದನಿ: "ಸಾಕೇನೇ ಇಷ್ಟು? ಇನ್ನೊಂಚೂರು ಜೋರಾಗಿ ಹೊಡೀಲಾ? ಮಗಳ ಮರ್ಯಾದೆ ಪ್ರಶ್ನೆ ಕಣೇ."