ತಿರುಗಿಸಿಟ್ಟ ಕಾರು

ರಿಮೋಟ್ ಆಗಲೇ ಸೊಸೆಯ ಕೈಯಿಂದ ಅವಳ ಗಂಡನ ಕೈ ಸೇರಿತ್ತು. ಹಿಂದಿನ ಸುತ್ತಿನಲ್ಲಿ ಅವಳು ಓಡಿಸುವಾಗ ಅವರ ಪುಟ್ಟ ರೇಸ್ ಕಾರು ಎಡ ತಿರುವು ಬಂದಾಗಲೆಲ್ಲ ಹಿಂಭಾಗ ಜಾರಿ ಗಿರಕಿ ಹೊಡೆದಿತ್ತು. ಫೈನಲ್‌ನಲ್ಲಿ ಸೊಸೆ ಬೇಡ, ಮಗನೇ ಓಡಿಸಲಿ ಎಂದು ಮಾವ ತೀರ್ಪು ಕೊಟ್ಟಾಗಿತ್ತು.

"ಕಾರಿನ ತಪ್ಪಲ್ಲಮ್ಮ ಇದು," ಎಂದರು ಮಾವ, ಮೇಜಿನ ಮೇಲಿದ್ದ ಕಾರಿನ ಹೊಟ್ಟೆಯಡಿ ಎತ್ತರ ಅಳೆಯುವ ಗೇಜ್ ತೂರಿಸುತ್ತ. "ಬೆಳಿಗ್ಗೆ ಹಿಂದಿನ ಬಲ ಮೂಲೆ ಕುಸಿದಿತ್ತು, ಸ್ಪ್ರಿಂಗ್ ಬಿಗಿ ಮಾಡಿ ಎತ್ತಿದೆ. ಈಗ ನೋಡು, ಎಡಬಲ ಎಲ್ಲಾ ಸಮ."

"ಮೇಜು ಸಮ ಇದೆಯಾ ಮಾವ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!" ಎಂದರು ಮಾವ. ಗಂಡ ಕಿಸಕ್ಕೆಂದ.

ಸೊಸೆ ಕಾರನ್ನು ಎತ್ತಿ, ಹಿಂದುಮುಂದಾಗಿ ತಿರುಗಿಸಿ, ಹಿಂದಿನ ಚಕ್ರಗಳಿದ್ದ ಜಾಗಕ್ಕೆ ಮುಂದಿನವು ಬರುವಂತೆ ಇಟ್ಟಳು. "ಕಾರು ಸರಿಯಿದ್ರೆ ಹೇಗಿಟ್ಟರೂ ಅಳತೆ ಬದಲಾಗಬಾರದು. ಈಗ ಅಳೀರಿ."

ಮಾವ ಮತ್ತೆ ಗೇಜ್ ತೂರಿಸಿದರು. ಅವರು ಬಿಗಿ ಮಾಡಿದ್ದ ಮೂಲೆ ಎದ್ದು ನಿಂತಿತ್ತು. ಮುಂದಿನ ಎಡ ಮೂಲೆ ಕುಸಿದಿತ್ತು. ಆ ಚಕ್ರವನ್ನು ಸರಿಸಿ, ಅದರಡಿಯ ಮೇಜಿನ ಹಲಗೆಯನ್ನು ಹೆಬ್ಬೆರಳಿನಿಂದ ಸವರಿದರು. ಹಲಗೆ ಅಲ್ಲಿ ತಗ್ಗಾಗಿತ್ತು. ಅವರು ತಗ್ಗಿಗೆ ತಕ್ಕಂತೆ ಕಾರನ್ನು ಕೆಡಿಸಿದ್ದರು.

ಫೈನಲ್‌ಗೆ ಕರೆ ಬಂತು. ಮಾವ ಬೆಳಿಗ್ಗೆ ಬಿಗಿ ಮಾಡಿದ್ದಷ್ಟನ್ನೂ ಸಡಿಲಿಸಿದರು. ಆಮೇಲೆ ಮಗನ ಮುಖವನ್ನೂ ನೋಡದೆ ಅವನತ್ತ ಕೈ ಚಾಚಿದರು.

"ತಾರೋ ಇಲ್ಲಿ ರಿಮೋಟು. ಓಡಿಸೋದು ಅವಳು."